ಬೆಳ್ಳಿನೀರಿನ ಕೋಣೆ

ಕಜ್ಜಾಯಕ್ಕೆಂದು ನೆನೆಹಾಕಿದ್ದ ಅಕ್ಕಿಯನ್ನು ಬಸಿದು, ನಡುಮನೆಯಲ್ಲಿ ಹಳೆಯ ಪಂಚೆ ಹಾಸಿ ಅದರ ಮೇಲೆ ಹರವುತ್ತಿದ್ದೆ. ಈ ಅಕ್ಕಿಯನ್ನು ಬಿಸಿಲಿಗೆ ಇಡುವಂತಿಲ್ಲ, ನೆರಳಲ್ಲೇ ಆರಬೇಕು. ತೀರಾ ಒಣಗಿದರೆ ಹಿಟ್ಟು ಪಾಕ ಕುಡಿಯುವುದಿಲ್ಲ, ಹಸಿಯಾಗಿ ಉಳಿದರೆ ಎಣ್ಣೆಗೆ ಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತದೆ. ಹಿರಿಯರ ಹಬ್ಬ ಹತ್ತಿರ ಬಂದಿತ್ತು. ಶಿರಾದ ನಮ್ಮ ಬೀದಿಗೆ ಅವತ್ತು ನಲ್ಲಿ ನೀರು ಬಂದಿತ್ತು, ನನ್ನ ಮಂಡಿ ನೋವು ಸ್ವಲ್ಪ ಇಳಿದಿತ್ತು, ಯಜಮಾನರು ನಾನು ನೆನಪು ಮಾಡದೆಯೇ ಮಾತ್ರೆ ನುಂಗಿದ್ದರು. ಇಂಥವನ್ನೆಲ್ಲ ನಾನು ದೀಪ ಹಚ್ಚುವಾಗ ದೇವರ ಮುಂದೆ ಒಂದೊಂದಾಗಿ ಹೇಳಿಕೊಳ್ಳುತ್ತೇನೆ. ದೊಡ್ಡದನ್ನು ಕೇಳಿದರೆ ಕೊಡುತ್ತಾನೋ ಇಲ್ಲವೋ, ಕೊಟ್ಟ ಸಣ್ಣದನ್ನು ಮರೆತಳು ಅನ್ನಿಸಿಕೊಳ್ಳಬಾರದು. ಅಕ್ಕಿಯ ಮೇಲೆ ಕೈಯಾಡಿಸುತ್ತಿದ್ದಾಗ ಮಧುಗಿರಿಯಿಂದ ತಮ್ಮ ನಾಗರಾಜನ ಫೋನು ಬಂತು.

“ಅಕ್ಕಯ್ಯಾ, ಹಬ್ಬಕ್ಕೆ ಸುಣ್ಣ ಹೊಡಿಸ್ತಾ ಇದ್ದೆ. ನಡುಮನೆ ಫೋಟೋ ಕೆಳಗಿಳಿಸಿ ಗಾಜಿನ ಮಸಿ ಒರೆಸ್ದೆ. ದೊಡ್ಡವ್ವ ಅದ್ರಲ್ಲಿ ಇಲ್ಲ ಕಣಕ್ಕ.”

“ಇಲ್ಲ ಅಂದ್ರೆ?”

“ಇಲ್ಲ ಅಂದ್ರೆ ಇಲ್ಲ. ಮುಖಾನೂ ಇಲ್ಲ, ಸೀರೇನೂ ಇಲ್ಲ. ಬರೀ ಹಳದಿ ಕಾಗದ. ಬೆರಳು ಮಾತ್ರ ಅವೆ, ಆ ಕಡೆ ನಾಲ್ಕು, ಈ ಕಡೆ ನಾಲ್ಕು. ಬೆರಳಿಗೆ ಹೆಂಗೆ ಎಡೆ ಇಡೋದು, ಮಕ್ಕಳು ಹೆದರ್ಕೊಂತವೆ ಅಂತ ಇವಳು ವರಾತ ಹಚ್ಚವ್ಳೆ. ಕೆರೆಗೆ ಬುಟ್ಬುಡ್ಲಾ?”

ಸಂಜೆ ಹೇಳುತ್ತೇನೆ, ಅಲ್ಲಿಯವರೆಗೆ ಬೋರಲು ಹಾಕಬೇಡ, ಗೋಡೆಗೆ ಒರಗಿಸಿಡು ಎಂದೆ. ಅವನು ದೊಡ್ಡವ್ವ ಎಂದದ್ದು ನನ್ನ ಹೆತ್ತ ತಾಯಿ ರಂಗಮ್ಮನನ್ನು. ಅವನ ತಾಯಿ ಓಬಳಮ್ಮ ನನಗೆ ಚಿಕ್ಕವ್ವ. ಫೋನಿಟ್ಟ ಮೇಲೆ ಅಕ್ಕಿ ಅಂಗೈಗೆ ತಣ್ಣಗೆ ತಾಗಿತು, ಮಧುಗಿರಿಯ ತವರುಮನೆಯ ಕತ್ತಲೆ ಕೋಣೆಯ ನೆಲದ ಹಾಗೆ.

ಊರಿನವರು ನಮ್ಮ ಮನೆಯನ್ನು ಫೋಟೋದೋರ ಮನೆ ಎನ್ನುತ್ತಿದ್ದರು. ಫೋಟೋ ಹಿಡಿಯುತ್ತಿದ್ದವನು ಅಪ್ಪನ ಅಪ್ಪ, ನನ್ನ ತಾತ. ಏಕಶಿಲೆಯ ಬೆಟ್ಟದ ಬುಡದಲ್ಲಿ, ಮಧ್ಯಾಹ್ನ ಕಳೆದರೆ ಬೆಟ್ಟದ ನೆರಳು ಹಿತ್ತಲಿಗೆ ಇಳಿಯುವಂಥ ಜಾಗ. ಪಡಸಾಲೆಯಲ್ಲಿ ಬಣ್ಣದ ಪರದೆ, ಕೈಯಿರುವ ಮರದ ಕುರ್ಚಿ, ಮೂರು ಕಾಲಿನ ದೊಡ್ಡ ಕ್ಯಾಮೆರಾ. ಅಡುಗೆಮನೆಗೂ ಹಿತ್ತಲಿಗೂ ನಡುವೆ ಕಿಟಕಿಯಿಲ್ಲದ ಒಂದು ಕೋಣೆ. ಮೊದಲು ರಾಗಿ ತುಂಬುತ್ತಿದ್ದರಂತೆ, ನಾನು ಕಂಡಾಗ ಅದು ಬೆಳ್ಳಿನೀರಿನ ಕೋಣೆ. ಅಷ್ಟು ಹೊತ್ತಿಗೆ ಪೇಟೆಯಲ್ಲಿ ಹೊಸ ಸ್ಟುಡಿಯೋಗಳು ಬಂದಿದ್ದವು, ಡಬ್ಬಿಯಲ್ಲಿ ತಯಾರಾಗಿ ಬರುವ ಕಾಗದ ಬಂದಿತ್ತು. ಬದುಕಿರುವವರು ಅಲ್ಲಿಗೆ ಹೋಗುತ್ತಿದ್ದರು. ತಾತನ ಹತ್ತಿರ ಬರುತ್ತಿದ್ದವರು ಸತ್ತವರ ಕಡೆಯವರು. ಕೊಡಿಗೇನಹಳ್ಳಿ ಕಡೆಯಿಂದಲೋ ಚನ್ನರಾಯನದುರ್ಗದಿಂದಲೋ ಯಾರಾದರೂ ಬಂದು, ನಮ್ಮಪ್ಪನ ಫೋಟೋ ಮಾಸಿಹೋಯ್ತು ಸ್ವಾಮಿ, ನಿಮ್ಮ ಹತ್ರ ಅವರ ಗಾಜು ಇರಬೇಕಲ್ಲ ಎಂದು ಕೇಳುತ್ತಿದ್ದರು. ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ಆ ಅಪ್ಪಂದಿರು, ಅಜ್ಜಂದಿರು ನೆಗೆಟಿವ್ ಗಾಜಿನ ಮೇಲೆ ಬಿಳಿ ಕೂದಲು ಕಪ್ಪಾಗಿ, ಕಪ್ಪು ಮುಖ ಬೆಳ್ಳಗಾಗಿ ಸಾಲಾಗಿ ನಿಂತಿದ್ದರು. ಆ ಹಳೆಯ ಗಾಜುಗಳಿಗೆ ಡಬ್ಬಿಯ ಕಾಗದ ಒಗ್ಗುತ್ತಿರಲಿಲ್ಲ, ಮುಖ ಸುಟ್ಟ ಹಾಗೆ ಬರುತ್ತಿತ್ತು. ಅದಕ್ಕೆ ಮೊಟ್ಟೆಯ ಕಾಗದವೇ ಆಗಬೇಕು, ಅದನ್ನು ಮನೆಯಲ್ಲೇ ಮಾಡಿಕೊಳ್ಳಬೇಕು.

ಹೀಗಾಗಿ ತಾತನ ಕೆಲಸ ಅಡುಗೆಮನೆಯಿಂದ ಶುರುವಾಗುತ್ತಿತ್ತು, ಅಜ್ಜಿಯ ಜಗಳವೂ ಅಲ್ಲಿಂದಲೇ. ಮೊಟ್ಟೆ ಒಡೆದು ಬಿಳಿಯನ್ನು ಬೇರೆ ಮಾಡಿ, ಚಿಟಿಕೆ ಉಪ್ಪು ಹಾಕಿ, ಕಡ್ಡಿ ಕಟ್ಟಿನಿಂದ ನೊರೆಯೇಳುವಂತೆ ಬಡಿದು, ನೊರೆ ಇಳಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ ಶೀಶೆಗೆ ತುಂಬಿಡುತ್ತಿದ್ದ. ಅದು ಹಳತಾಗಿ ವಾಸನೆ ಬಂದಷ್ಟೂ ಒಳ್ಳೆಯದಂತೆ. ಆಮೇಲೆ ಕಾಗದವನ್ನು ಅದರ ಮೇಲೆ ತೇಲಿಸಿ, ಹಗ್ಗಕ್ಕೆ ಸಿಕ್ಕಿಸಿ ಆರಿಸಿದರೆ ಮಾವಿನ ಚಿಗುರಿನ ಹಾಗೆ ಹೊಳೆಯುತ್ತಿತ್ತು. ಉಳಿದ ಹಳದಿಯನ್ನು ನಾವು ತಿನ್ನಬೇಕು. ಹಳದಿಯ ಪಲ್ಯ, ಹಳದಿಯ ಸಾರು, ತಲೆಗೆ ಹಚ್ಚಿಕೊಳ್ಳಲೂ ಅದೇ. ಸೋಮವಾರ, ಶನಿವಾರ ಮೊಟ್ಟೆ ಮುಟ್ಟದ ಅಜ್ಜಿ ಆ ದಿನಗಳಲ್ಲಿ ಅಡುಗೆಮನೆಯ ಹೊಸ್ತಿಲಲ್ಲೇ ಕುಳಿತು ಬಯ್ಯುತ್ತಿದ್ದಳು.

“ಕೋಳಿ ಹೊಟ್ಟೇಲಿ ಹುಟ್ಟಿದ್ದನ್ನ ಹಿರೀಕರ ಮುಖಕ್ಕೆ ಬಳೀತೀಯಲ್ಲ, ನಿಂಗೆ ಒಳ್ಳೇದಾಯ್ತದಾ?”

“ನಿನ್ನ ಮುಖಕ್ಕೂ ಒಂದಿನ ಬಳೀತೀನಿ ಬುಡೇ. ಹೊಳಪು ಬತ್ತದೆ.”

“ನನ್ನ ಮುಖಕ್ಕೆ ಮಣ್ಣು ಬಳದ್ರೆ ಸಾಕು. ದೇವರ ಮನೇಗೆ ಮಾತ್ರ ಆ ಕಾಗದ ಬರಕೂಡ್ದು.”

ಆ ಕಾರಣಕ್ಕೇ ನಮ್ಮಲ್ಲಿ ಸತ್ತವರ ಫೋಟೋಗಳು ದೇವರ ಮನೆಯಲ್ಲಿ ಇರಲಿಲ್ಲ, ನಡುಮನೆಯ ಗೋಡೆಯ ಮೇಲಿದ್ದವು. ನಾವು ಊಟ ಮಾಡುತ್ತಿದ್ದುದು ಅವರೆದುರಿಗೆ.

ಮೊಟ್ಟೆಯ ಕೆಲಸ ಮುಗಿಯುವವರೆಗೆ ನಮಗೆ ಹೆದರಿಕೆ ಇರಲಿಲ್ಲ. ಹೆದರಿಕೆ ಬೆಳ್ಳಿನೀರಿನದು. ತಾತ ಬಾಗಿಲು ಹಾಕಿಕೊಂಡು, ದೀಪಕ್ಕೆ ಕಾವಿ ಬಟ್ಟೆ ಸುತ್ತಿ, ಪಿಂಗಾಣಿ ತಟ್ಟೆಗೆ ಬೆಳ್ಳಿನೀರು ಹುಯ್ಯುತ್ತಿದ್ದ. ನೋಡಲು ಬರೀ ಬಾವಿ ನೀರು, ಒಳಗೆ ಕರಗಿದ್ದು ಬೆಳ್ಳಿಯ ಉಪ್ಪು. ಹೊಳೆಯುವ ಮೈ ಕೆಳಗಾಗುವಂತೆ ಕಾಗದವನ್ನು ಮೊದಲು ಒಂದು ಮೂಲೆ, ಆಮೇಲೆ ಉಳಿದದ್ದು, ಹೀಗೆ ಮಲಗಿಸುತ್ತಿದ್ದ. ಗುಳ್ಳೆ ಉಳಿದ ಕಡೆ ಬೆಳ್ಳಿ ಹಿಡಿಯುವುದಿಲ್ಲ, ನಾಳೆ ಫೋಟೋದವರ ಕೆನ್ನೆಯಲ್ಲಿ ತೂತು ಬಿದ್ದ ಹಾಗೆ ಬಿಳಿ ಚುಕ್ಕೆ. ಎಂಜಲು ಸಿಡಿಯಬಾರದೆಂದು ಬಾಯಿ ತೆರೆಯದೆ, ತುಟಿಯಲ್ಲೇ ರಾಮನಾಮ ಹೇಳಿಕೊಂಡು, ಅದು ಮುಗಿದಾಗ ಕಾಗದದ ಮೂಲೆಯನ್ನು ಬಿದಿರ ಚಿಮಟದಲ್ಲಿ ಹಿಡಿದು ಎತ್ತಿ ಹಗ್ಗಕ್ಕೆ ಸಿಕ್ಕಿಸುತ್ತಿದ್ದ. ಕೈಯಲ್ಲಿ ಎಂದೂ ಮುಟ್ಟುತ್ತಿರಲಿಲ್ಲ. ಒಮ್ಮೆ ನನ್ನನ್ನು ಒಳಗೆ ಕೂರಿಸಿಕೊಂಡು ಹೇಳಿದ್ದ.

“ಈಗ ಇದಕ್ಕೆ ಕಣ್ಣು ಬಂತು ಕಣಮ್ಮ ಸಾವಿತ್ರಿ. ಏನು ಮುಂದೆ ಬಂದ್ರೂ ನೋಡ್ಕೊಂಡುಬುಡ್ತದೆ. ಬೆಳಕು ಮುಂದೆ ಬಂದ್ರೆ ಬೆಳಕನ್ನೇ ನೋಡಿ ಕರ್ರಗಾಗೋಯ್ತದೆ.”

ಕಣ್ಣು ಬಂದ ಕಾಗದ ಕತ್ತಲಲ್ಲಿ ನೇತಾಡುತ್ತಾ ಇರುವ ಮನೆಯಲ್ಲಿ ನಾನು ಬೆಳೆದೆ. ಇನ್ನೊಂದು ಮಾತು. ಬೆಳ್ಳಿನೀರು ಕೈಗೆ ತಾಗಿದರೆ ಆ ಕೋಣೆಯೊಳಗೆ ಗೊತ್ತೇ ಆಗುವುದಿಲ್ಲ. ತೊಳೆದರೂ ಪೂರ್ತಿ ಹೋಗುವುದಿಲ್ಲ. ಹೊರಗೆ ಬಂದು ಬಿಸಿಲಲ್ಲಿ ಓಡಾಡಿದರೆ ಮೊದಲು ಕಂದು, ಆಮೇಲೆ ಮಸಿಯ ಹಾಗೆ ಕಪ್ಪು. ಕತ್ತಲಲ್ಲಿ ಮುಟ್ಟಿದ್ದನ್ನು ಬಿಸಿಲು ಹೇಳಿಬಿಡುತ್ತಿತ್ತು. ತಾತನ ಉಗುರುಗಳು ಸದಾ ಕಪ್ಪು, ಆ ಕೈಯಿಂದ ಎಡೆ ಬಡಿಸಲು ಅಜ್ಜಿ ಬಿಡುತ್ತಿರಲಿಲ್ಲ.

ಹೆತ್ತವ್ವ ಜ್ವರದಲ್ಲಿ ಹೋದಾಗ ನನಗೆ ನಡೆಯಲು ಬರುತ್ತಿರಲಿಲ್ಲ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ತಾತ ಮನೆಯ ಅತಿ ದೊಡ್ಡ ಗಾಜಿನ ಮೇಲೆ ಅವಳ ಎದೆಮಟ್ಟದ ಫೋಟೋ ಹಿಡಿದಿದ್ದ. ಆ ಫೋಟೋ ಬಾಗಿಲ ಎದುರಿನ ಗೋಡೆಯಲ್ಲಿತ್ತು. ನಾನು ಅವ್ವ ಎಂದರೆ ಅದನ್ನೇ ನೋಡುತ್ತಿದ್ದೆ. ಅಪ್ಪ ಹುಣಸೆಹಣ್ಣಿನ ಮಂಡಿಯಲ್ಲಿ ಕೆಲಸ ಮಾಡುತ್ತಿದ್ದ, ಮಾತು ಕಡಿಮೆ. ನನ್ನನ್ನು ಸಾಕಲೆಂದು ಪಾವಗಡದ ಆಚೆಯ ಒಂದು ಹಳ್ಳಿಯಿಂದ ಓಬಳಮ್ಮನನ್ನು ತಂದರು. ಅವಳ ಬಾಯಲ್ಲಿ ಅರ್ಧ ತೆಲುಗು. ನನ್ನನ್ನು ಬಂಗಾರು ಎಂದೇ ಕರೆಯುತ್ತಿದ್ದಳು. ಬಲಗೈಯ ಕಿರುಬೆರಳು ಚಿಕ್ಕಂದಿನಲ್ಲಿ ಒರಳಿಗೆ ಸಿಕ್ಕಿ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ನನಗೆ ನಿದ್ದೆ ಬಾರದಿದ್ದರೆ ಆ ಸೊಟ್ಟ ಬೆರಳನ್ನು ಹಿಡಿದುಕೊಂಡು ಮಲಗುತ್ತಿದ್ದೆ. ಚಿಕ್ಕವ್ವ ಕೆಟ್ಟವಳಾಗಿರುತ್ತಾಳೆ ಎಂದು ಬೀದಿಯ ಹೆಂಗಸರು ಹೇಳಿಕೊಟ್ಟಿದ್ದರು. ನನ್ನ ಪಾಲಿಗೆ ಹಾಗಾಗಲಿಲ್ಲ. ದೀಪದ ಮುಂದೆ ನಾನು ಹೇಳಿಕೊಳ್ಳುವುದರಲ್ಲಿ ಇವತ್ತಿಗೂ ಮೊದಲನೆಯದು ಅದು.

ಎರಡನೆಯವಳಾಗಿ ಬಂದವಳಿಗೆ ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಹೊಸ ಸೀರೆ, ಹೊಸ ಬಳೆ, ಕಡೆಗೆ ಹೊಸ ರವಿಕೆಯ ಕಣವಾದರೂ ಸರಿ, ಮೊದಲು ಹೋದವಳ ಫೋಟೋದ ಮುಂದಿಟ್ಟು ಕೇಳಬೇಕು. ಅಕ್ಕ, ಇದು ನಿಂದು, ನಾನು ಉಟ್ಕೊಳ್ಲಾ? ಸ್ವಲ್ಪ ಹೊತ್ತು ಸುಮ್ಮನೆ ನಿಂತು ಆಮೇಲೆ ತೆಗೆದುಕೊಳ್ಳಬೇಕು. ಚಿಕ್ಕವ್ವ ಇದನ್ನು ಒಂದು ಸಲವೂ ತಪ್ಪಿಸಲಿಲ್ಲ. ಆದರೆ ಅವಳು ಬಂದ ಮೇಲೆ ಫೋಟೋ ಮಾಸತೊಡಗಿತು. ಮೊದಲು ಹಣೆ, ಕೆನ್ನೆ, ಮೂಗು ಕಾಗದದಲ್ಲಿ ಕರಗಿದವು. ಸೀರೆಯ ಅಂಚು ಹೋಯಿತು. ನನಗೆ ಎಂಟು ತುಂಬುವ ಹೊತ್ತಿಗೆ ಉಳಿದದ್ದು ಹಣೆಯ ಬೊಟ್ಟು ಮತ್ತು ಎರಡು ಕಣ್ಣು. ಮುಖವಿಲ್ಲದ ಕಣ್ಣುಗಳು ಊಟದ ಹೊತ್ತಿನಲ್ಲಿ ನಮ್ಮ ತಟ್ಟೆಯನ್ನು ನೋಡುತ್ತಿದ್ದವು. ನಾನು ಗೋಡೆಗೆ ಬೆನ್ನು ಹಾಕಿ ಕೂತರೂ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದೇ ದಿನಗಳಲ್ಲಿ ಚಿಕ್ಕವ್ವನ ಎರಡು ಬಸಿರು ನಿಲ್ಲದೆ ಹೋದವು.

“ಅದನ್ನ ಮಾಡಿದ ದಿನ ಬಾವೀಲಿ ನೀರಿರಲಿಲ್ಲ. ಔಷಧಿ ಸರಿಯಾಗಿ ತೊಳೀಲಿಲ್ಲ ನಾನು, ಅದಕ್ಕೆ ಮಾಸ್ತದೆ,” ಎಂದು ತಾತ ಹೇಳುತ್ತಿದ್ದ.

“ನೀನು ತೊಳೀದಿದ್ರೆ ಕಣ್ಣು ಯಾಕೆ ಉಳ್ಕೊಂಡ್ವು? ಅವಳು ಮುಖ ತಿರುಗಿಸ್ಕೊಂಡವ್ಳೆ. ಇವಳನ್ನ ಒಪ್ಪಿಲ್ಲ,” ಎನ್ನುವಳು ಅಜ್ಜಿ.

ಮೂರನೆಯ ಬಸಿರು ಐದು ತಿಂಗಳಿಗೆ ಬಂದು ನಿಂತಿತ್ತು. ಬಯಕೆ ಊಟಕ್ಕೆ ಉಡಿಸಲು ಅಪ್ಪ ಹಸಿರು ಸೀರೆ ತಂದ. ಆ ಸೀರೆಯನ್ನು ಯಾರ ಮುಂದೆ ಇಡಬೇಕು ಎಂಬುದು ಪ್ರಶ್ನೆಯಾಯಿತು. ಕಣ್ಣುಗಳ ಮುಂದೆ ಇಡಲು ಅಜ್ಜಿ ಒಪ್ಪಲಿಲ್ಲ. ಇಡದೆ ಉಡಲು ಚಿಕ್ಕವ್ವ ಒಪ್ಪಲಿಲ್ಲ. ಅವತ್ತು ಎಲ್ಲರೂ ಉಣ್ಣುತ್ತಿದ್ದಾಗ ಅಜ್ಜಿ ತೀರ್ಮಾನ ಹೇಳಿದಳು. ಹಿರಿಯರ ಹಬ್ಬದೊಳಗೆ ಅಟ್ಟದ ಗಾಜು ಇಳಿಸಿ ರಂಗಮ್ಮನ ಹೊಸ ಫೋಟೋ ಮಾಡಬೇಕು.

“ಮುಖ ನೆಟ್ಟಗೆ ಬಂದ್ರೆ ಒಪ್ಪವ್ಳೆ ಅಂತ. ಇವಳು ಇರಲಿ. ಏನಾದ್ರೂ ಐಬು ಬಂತೋ, ಮಾರನೇ ದಿನದ ಬಸ್ಸಿಗೆ ಪಾವಗಡಕ್ಕೆ ಕಳಿಸ್ಬುಡು ಕಣ್ಲಾ. ಕೂಸು ಉಳಿದ್ರೆ ಆಮೇಲೆ ನೋಡಾನ.”

ಅಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿದ. ಆಮೇಲೆ ನೋಡಾನ ಎಂದರೆ ನಮ್ಮ ಅಜ್ಜಿಯ ಬಾಯಲ್ಲಿ ಇಲ್ಲ ಎಂದೇ ಅರ್ಥ. ಚಿಕ್ಕವ್ವ ನನ್ನ ತಟ್ಟೆಗೆ ಸಾರು ಬಿಡುತ್ತಿದ್ದಳು. ಅವಳ ಕಣ್ಣು ಅಪ್ಪನ ಕಡೆ ಹೋಗಿ ಸಾರು ನನ್ನ ಲಂಗದ ಮೇಲೆ ಚೆಲ್ಲಿತು. ನಾನು ಅಳಲು ಶುರು ಮಾಡಿದೆ. ಬಿಸಿ ತಾಗಿ ಅಳುತ್ತಿದೆ ಮಗು ಎಂದುಕೊಂಡರು.

ತಾತನ ಕಣ್ಣುಗಳು ಆಗಲೇ ಮಂಜಾಗಿದ್ದವು. ದೊಡ್ಡ ಗಾಜಿಗೆ ಹೊಂದುವ ಹಾಳೆ ಅವನಲ್ಲಿ ಇದ್ದದ್ದೇ ಎರಡು. ಮೊದಲನೆಯದಕ್ಕೆ ಬೆಳ್ಳಿನೀರಿನಲ್ಲಿ ಗುಳ್ಳೆ ಉಳಿಯಿತು. ಅವನಿಗೆ ಕಾಣಲಿಲ್ಲ. ಬಿಸಿಲಿಗಿಟ್ಟಾಗ ಅವ್ವನ ಬಾಯಿಯ ಜಾಗದಲ್ಲಿ ಬಿಳಿ ತೂತು. ತಾತ ಅದನ್ನು ಯಾರಿಗೂ ತೋರಿಸದೆ ಒಲೆಗೆ ಹಾಕಿದ. ನಾನು ಒಲೆಯ ಮುಂದೆ ಕುಳಿತಿದ್ದೆ. ಮೊಟ್ಟೆ ಸುಟ್ಟ ವಾಸನೆ ಬಂತು. ಅವ್ವನ ಮುಖ ಬೆಂಕಿಯಲ್ಲಿ ಒಂದು ಗಳಿಗೆ ಎದ್ದು ಕೂತು, ಏನೋ ಹೇಳುವ ಹಾಗೆ ಮುದುರಿ, ಮಲಗಿತು.

ಎರಡನೆಯ ಹಾಳೆಯ ದಿನ ಬೆಳಗ್ಗೆಯೇ ಎಲ್ಲ ಕೆಲಸ ನಿಂತಿತ್ತು. ತಾತ ಸ್ನಾನ ಮಾಡಿ ಕೋಣೆ ಹೊಕ್ಕ, ರಾಮನಾಮ ಮುಗಿಸಿ ಹೊರಬಂದ, ಬಾಗಿಲು ಎಳೆದು, ನನ್ನನ್ನು ಅದರ ಮುಂದೆ ಕೂರಿಸಿ ಉಣ್ಣಲು ಹೋದ. ಕಾಗದ ಆರುವವರೆಗೆ ಬೆಕ್ಕು ನುಗ್ಗದಂತೆ ನಾನು ನೋಡಿಕೊಳ್ಳಬೇಕಿತ್ತು. ಬೆಕ್ಕು ಬರಲಿಲ್ಲ, ಚಿಕ್ಕವ್ವ ಬಂದಳು. ಎಡಗೈಯಲ್ಲಿ ಹಸಿರು ಸೀರೆ ಅವುಚಿಕೊಂಡಿದ್ದಳು. ಬೆನ್ನು, ಕತ್ತು, ಕೈಯೆಲ್ಲ ಬೆವರು.

“ಜರುಗು ಬಂಗಾರು. ಅಕ್ಕನ್ನ ಒಂದು ಮಾತು ಕೇಳ್ಕೊಂಡು ಬತ್ತೀನಿ.”

“ಅವ್ವ ಇನ್ನೂ ಬಂದಿಲ್ಲ ಚಿಕ್ಕವ್ವ. ಬರೀ ಕಾಗದ ಐತೆ. ಬಿಸಿಲಿಗಿಟ್ರೆ ಆಮೇಲೆ ಬರೋದು.”

“ಬಂದ ಮ್ಯಾಲೆ ಎಲ್ಲಾರೂ ಇರ್ತಾರೆ. ಅದಕ್ಕೇ ಈಗ ಕೇಳ್ತೀನಿ.”

ನಾನು ಸರಿದು, ಅವಳ ಸೆರಗು ಹಿಡಿದು ಒಳಗೆ ಹೋದೆ. ಅವಳು ಬಾಗಿಲನ್ನು ನುಸುಳುವಷ್ಟೇ ತೆಗೆದಿದ್ದಳು, ಕೂಡಲೇ ಮುಚ್ಚಿದಳು. ದೀಪ ಆರಿತ್ತು. ಅಂಥ ಕತ್ತಲನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ, ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಹಗ್ಗದಿಂದ ಹನಿ ಬೀಳುವ ಸದ್ದು ನಿಂತಿತ್ತು, ಕಾಗದ ಇನ್ನೂ ತುಸು ಹಸಿ ಇದ್ದಿರಬೇಕು. ಚಿಕ್ಕವ್ವ ಮಾತಾಡತೊಡಗಿದಳು. ಮನೆಯಲ್ಲಿ ಇನ್ನೊಬ್ಬ ಹೆಂಗಸಿನ ಹತ್ತಿರ ಕೆಲಸದ ನಡುವೆ ಮಾತಾಡುವ ಹಾಗಿತ್ತು. ಒಂದು ಮಾತು ಹೇಳಿ ನಿಲ್ಲಿಸುವಳು, ಹೂಂ ಎನ್ನುವಳು, ಮತ್ತೊಂದು ಹೇಳುವಳು. ನಿಲ್ಲಿಸಿದಾಗಲೆಲ್ಲ ಕೋಣೆಯಲ್ಲಿ ಯಾರೋ ಉಸಿರು ಎಳೆದುಕೊಂಡ ಹಾಗೆ ಕಾಗದ ಹಗ್ಗದ ಮೇಲೆ ಸರಕ್ಕೆನ್ನುತ್ತಿತ್ತು. ಕೋಣೆಗೆ ಕಿಟಕಿ ಇರಲಿಲ್ಲ. ಬಾಗಿಲು ಮುಚ್ಚಿತ್ತು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಆಮೇಲೆ ಚಿಕ್ಕವ್ವ ಒಂದು ಹೆಜ್ಜೆ ಮುಂದೆ ಹೋದದ್ದು ಸೆರಗು ಬಿಗಿಯಾದದ್ದರಿಂದ ಗೊತ್ತಾಯಿತು. ಹೊರಗೆ ಬಂದಾಗ ಅವಳ ಮುಖ ಉಂಡೆದ್ದವಳ ಹಾಗೆ ಸಮಾಧಾನವಾಗಿತ್ತು.

“ಏನಂದ್ಳು?” ಎಂದೆ.

“ನಿನ್ನ ಬಗ್ಗೆ ಕೇಳಿದ್ಳು. ಸರಿಯಾಗಿ ಉಣ್ಣಲ್ಲ ಅಂದೆ,” ಎಂದಳು. ಬಚ್ಚಲಲ್ಲಿ ಕೈ ತೊಳೆದು, ಹಿತ್ತಲಿಗೆ ಬಟ್ಟೆ ಹರವಲು ಹೋದಳು.

ಬೆಟ್ಟದ ನೆರಳು ಬರುವುದರೊಳಗೆ ಮುಗಿಯಬೇಕೆಂದು ತಾತ ಗಾಜಿಗೆ ಕಾಗದ ಜೋಡಿಸಿ, ಮರದ ಚೌಕಟ್ಟಿಗೆ ಬಿಗಿದು, ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟ. ಹಿಂದಿನ ಅರ್ಧ ಮುಚ್ಚಳ ತೆಗೆದು ನಡುನಡುವೆ ಇಣುಕಿ ನೋಡಬಹುದು. ಮೊದಲ ಸಲ ನೋಡಿ ತಾತ ನಕ್ಕ. ಅವ್ವನ ಹಣೆ ಬಂದಿತ್ತು, ಕಣ್ಣು ಬಂದಿತ್ತು, ನಾನು ಮರೆತೇ ಹೋಗಿದ್ದ ಮೂಗು, ನನ್ನ ಮೂಗೇ, ಬಂದಿತ್ತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡನೆಯ ಸಲ ಮುಚ್ಚಳ ತೆಗೆದಾಗ ತಾತ ನಗಲಿಲ್ಲ. ಅಜ್ಜಿ ಬಗ್ಗಿ ನೋಡಿ, ನೋಡಿದವಳು ಹಿಂದಕ್ಕೆ ಸರಿದು ತುಳಸಿ ಕಟ್ಟೆ ಹಿಡಿದುಕೊಂಡಳು. ಕಾಗದದ ಬಲ ಅಂಚಿನಿಂದ ನಾಲ್ಕು ಕಪ್ಪು ಬೆರಳು ಒಳಗೆ ಬಂದು ಅವ್ವನ ಭುಜದ ಮೇಲೆ ಕೂತಿದ್ದವು. ಎಡ ಅಂಚಿನಿಂದಲೂ ನಾಲ್ಕು ಬಂದಿದ್ದವು, ಅಷ್ಟು ಕಪ್ಪಲ್ಲ, ಕಂದು, ಇನ್ನೂ ತೆಳು. ಫೋಟೋದ ಹೊರಗೆ ಎರಡೂ ಪಕ್ಕ ಯಾರೋ ನಿಂತು ಅವಳನ್ನು ಹಿಡಿದುಕೊಂಡ ಹಾಗೆ. ನಾವು ನೋಡುತ್ತಿದ್ದ ಹಾಗೇ ಅವು ಗಟ್ಟಿಯಾದವು. ಅಪ್ಪನನ್ನು ಮಂಡಿಯಿಂದ ಕರೆಸಿದರು.

“ನಾಳೆ ಮೊದಲ ಬಸ್ಸಿಗೆ ಕಳಿಸು,” ಎಂದಳು ಅಜ್ಜಿ. ಅವಳ ದನಿಯಲ್ಲಿ ಕೋಪ ಇರಲಿಲ್ಲ, ಹೆದರಿಕೆ ಇತ್ತು. “ಎಳ್ಕೊಂಡು ಹೋಗೋಕೆ ಬಂದವ್ರೆ. ಕೂಸನ್ನೋ ಇವಳನ್ನೋ.”

“ಏನೋ ಮಾಡ್ರಪ್ಪ,” ಎಂದ ಅಪ್ಪ.

ಒಲೆಯ ಮೇಲಿದ್ದದ್ದನ್ನು ಉಣ್ಣಲೇಬೇಕಲ್ಲ. ತಾತ ಫೋಟೋವನ್ನು ಬಣ್ಣ ಕೊಡುವ ಚಿನ್ನದ ಔಷಧಿ, ಚಿತ್ರ ನಿಲ್ಲಿಸುವ ಇನ್ನೊಂದು ಔಷಧಿ ಎಲ್ಲದರಲ್ಲೂ ಅದ್ದಿ, ಈ ಸಲ ತೊಳೆಯುವುದರಲ್ಲಿ ತಪ್ಪಬಾರದೆಂದು ಪಡಸಾಲೆಯ ಕಲ್ಲು ತೊಟ್ಟಿಯ ನೀರಿಗೆ ಬಿಟ್ಟು ಬಂದು ಕುಳಿತ. ಚಿಕ್ಕವ್ವ ಬಡಿಸಲು ಬಂದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎಡಗೈಯಿಂದ ಮುದ್ದೆ ಹಾಕಹೋದಳು.

“ಎಡಗೈಲಿ ಯಾರಿಗೆ ಹಾಕ್ತೀಯೇ? ಅಷ್ಟೂ ಗೊತ್ತಾಗಲ್ವಾ ನಿಂಗೆ?” ಎಂದು ಅಜ್ಜಿ ಸೆರಗು ಎಳೆದಳು.

ಬೆರಳುಗಳು ಇದ್ದಿಲಿನ ಹಾಗಿದ್ದವು. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಬಿಸಿಲು ಅದರ ಕೆಲಸ ಮಾಡಿಬಿಟ್ಟಿತ್ತು. ಅಜ್ಜಿ ಆ ಕೈಯನ್ನು ಬಿಡದೆ ಅವಳನ್ನು ಪಡಸಾಲೆಗೆ ಎಳೆದುಕೊಂಡು ಹೋದಳು. ನಾವೆಲ್ಲ ಎಂಜಲು ಕೈಯಲ್ಲೇ ಹಿಂದೆ ಹೋದೆವು. ತೊಟ್ಟಿಯ ನೀರಿನೊಳಗೆ ಅವ್ವ ಮಲಗಿದ್ದಳು, ನೀರು ಅಲುಗಿದರೆ ಅವಳ ತುಟಿ ಅಲುಗುತ್ತಿತ್ತು. ಅಜ್ಜಿ ಚಿಕ್ಕವ್ವನ ಬೆರಳುಗಳನ್ನು ಬಲಗಡೆಯ ಗುರುತಿನ ಮೇಲೆ ಹಿಡಿದು ನೋಡಿದಳು. ಸೊಟ್ಟ ಕಿರುಬೆರಳು ಸಮೇತ ಅಚ್ಚುಕಟ್ಟಾಗಿ ಕೂತವು.

“ನೀನು ಮುಟ್ಟಿದ್ದಾ?”

“ಹೂಂ ಅತ್ತೆ. ಕೇಳೋಕೆ ಹೋಗಿದ್ದೆ. ಕ್ಷಮ್ಸು ಅತ್ತೆ.”

“ಮುಖ ಇಲ್ದಿರೋ ಕಾಗದಾನ ಏನು ಕೇಳ್ದೆ?”

ಚಿಕ್ಕವ್ವ ನೀರನ್ನು ನೋಡುತ್ತಾ ಹೇಳಿದಳು. “ನಿನ್ನ ಕೂಸನ್ನ ನಾನು ನೋಡ್ಕೊಂತಾ ಇದೀನಿ ಅಕ್ಕ, ನನ್ನ ಕೂಸನ್ನ ನೀನು ನೋಡ್ಕೋ ಅಂದೆ. ಹೂಂ ಅನ್ನು ಅಂತ ಭುಜ ಮುಟ್ಟಿದೆ. ಭುಜ ಅಂತ ಗೊತ್ತಿರಲಿಲ್ಲ, ಕತ್ಲಲ್ಲಿ ಕೈಗೆ ಸಿಕ್ಕಿದ್ದು ಮುಟ್ಟಿದೆ.”

ಇನ್ನೊಂದು ಬೆರಳಿನಷ್ಟು ಮೇಲಕ್ಕೆ ಸಿಕ್ಕಿದ್ದರೆ ಅವ್ವನ ಕೆನ್ನೆ ಹೋಗುತ್ತಿತ್ತು. ಹೋಗಲಿಲ್ಲ. ಇದನ್ನೂ ನಾನು ದೀಪದ ಮುಂದೆ ಹೇಳಿಕೊಳ್ಳುತ್ತೇನೆ. ಅಜ್ಜಿ ನೀರಿನಲ್ಲಿ ಎಡಗಡೆಯ ಗುರುತಿನ ಕಡೆ ನೋಡಿದಳು. ಆಮೇಲೆ, “ಆ ಕೈ ತೋರ್ಸು,” ಎಂದಳು. ಚಿಕ್ಕವ್ವ ಎಡಗೈ ಚಾಚಿದಳು. ಅರಿಶಿನದ ಬಣ್ಣ ಬಿಟ್ಟರೆ ಒಂದು ಕಲೆಯಿಲ್ಲ.

“ಒಕ ಚೆಯ್ಯೇ ಅತ್ತಾ, ನೇ ಪೆಟ್ಟಿಂದಿ,” ಎಂದಳು. ಹೆದರಿದಾಗ ಅವಳಿಗೆ ತೆಲುಗೇ ಬರುತ್ತಿತ್ತು. “ಒಂದೇ ಕೈ ನಾನಿಟ್ಟಿದ್ದು. ಎಡಗೈಲಿ ಸೀರೆ ಇತ್ತು.”

ಹೌದು, ಸೀರೆ ಇತ್ತು ಎಂದು ನಾನೂ ಹೇಳಿದೆ. ಅವಳು ಒಳಗೆ ಮಾತಾಡಿದ್ದನ್ನು, ನಿಲ್ಲಿಸಿ ನಿಲ್ಲಿಸಿ ಹೂಂ ಅಂದದ್ದನ್ನು ಹೇಳಿದೆ. ಎಲ್ಲರೂ ಎಡಗಡೆಯ ಬೆರಳುಗಳನ್ನು ನೋಡಿದರು. ಸಪೂರವಾದ, ನೆಟ್ಟನೆಯ ಬೆರಳುಗಳು. ತಾತ, “ನಂದೇ ತಾಗಿರ್ತದೆ ಬುಡಿ, ಕಣ್ಣು ಕಾಣಲ್ಲ ನಂಗೆ,” ಎಂದು ತನ್ನ ಕೈಯನ್ನು ನೀರಿನ ಮೇಲೆ ಹಿಡಿದ. ಅವನ ಒಂದು ಬೆರಳಿನಗಲಕ್ಕೆ ಆ ಎರಡು ಬೆರಳು ಕೂರುತ್ತಿದ್ದವು. ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ಆ ಮಾತನ್ನು ಅವನು ಸಾಯುವವರೆಗೆ ಮತ್ತೆ ಆಡಲಿಲ್ಲ. ಅಪ್ಪ, ಯಾವತ್ತೂ ಮಾತಾಡದ ಅಪ್ಪ, ಬಗ್ಗಿ ನೋಡಿ, “ಅವಳ ಕೈ ಹಿಂಗೇ ಇತ್ತು,” ಎಂದ. ಎಂದವನು ಎದ್ದು ಹಿತ್ತಲಿಗೆ ಹೋದ.

ಅಜ್ಜಿ ನೆಲದ ಮೇಲೆ ಕುಳಿತಳು. ಹೊರಗೆ ಬೆಟ್ಟದ ನೆರಳು ಬೀದಿಗೆ ಬಂದಿತ್ತು, ಪಡಸಾಲೆ ಮಂಕಾಗಿತ್ತು. ನನಗೆ ಆಗ ಇದ್ದದ್ದು ಒಂದೇ ಯೋಚನೆ, ನಾಳೆ ನಾನು ಯಾರ ಕಿರುಬೆರಳು ಹಿಡಿದು ಮಲಗುವುದು ಎಂದು. ಅಜ್ಜಿ ಕೊನೆಗೆ ಹೇಳಿದಳು.

“ಕೇಳಿದ್ದಕ್ಕೆ ಹೂಂ ಅಂದವ್ಳೆ. ಅವಳೂ ಮುಟ್ಟಿ ಹೇಳವ್ಳೆ. ನಾಳೆ ಬಸ್ಸು ಬ್ಯಾಡ.” ಆಮೇಲೆ ಚಿಕ್ಕವ್ವನ ಕಡೆ ತಿರುಗಿ, “ಆ ಸೀರೆ ತಂದು ಇಲ್ಲಿ ಮಡಗು. ಮುಂದಿನ ಸಲ ಏನಾದ್ರೂ ಕೇಳೋದಿದ್ರೆ ಬೆಳಕಲ್ಲಿ ಕೇಳೇ, ಮುದುಕಿ ಎದೆ ಒಡೀಬ್ಯಾಡ,” ಎಂದಳು.

ಹಸಿರು ಸೀರೆಯನ್ನು ತೊಟ್ಟಿಯ ಅಂಚಿಗಿಟ್ಟರು. ಆರಿಹೋದ ಮುದ್ದೆಯನ್ನು ನಾವೆಲ್ಲ ಬಂದು ಉಂಡೆವು, ಆ ದಿನ ನನ್ನ ಗಂಟಲಲ್ಲಿ ಅದು ಇಳಿಯಿತು. ಮಳೆಗಾಲ ಕಳೆದು, ಚಳಿಗಾಲ ಮುಗಿಯುವ ಹೊತ್ತಿಗೆ ನಾಗರಾಜ ಹುಟ್ಟಿದ, ಉಳಿದ. ಅವನು ಮೊದಲ ಬಾರಿಗೆ ಕತ್ತು ನಿಲ್ಲಿಸಿ ಖಾಲಿ ಮೂಲೆಯನ್ನು ನೋಡಿ ನಕ್ಕಾಗ ಚಿಕ್ಕವ್ವ ಆ ಮೂಲೆಗೆ ತಿರುಗಿ, “ಸ್ವಲ್ಪ ಹೊತ್ತು ಆಡಿಸ್ತಿರು ಅಕ್ಕ, ಒಲೆ ಮ್ಯಾಲೆ ಹಾಲೈತೆ,” ಎಂದು ಒಳಗೆ ಹೋದಳು. ನಾನು ಅಲ್ಲೇ ಕುಳಿತಿದ್ದೆ. ಓಡಿಹೋಗಬೇಕು ಅನ್ನಿಸಿತು, ಓಡಲಿಲ್ಲ. ಕಾಣದವರನ್ನು ಮನೆಯವರ ಹಾಗೆ ಮಾತಾಡಿಸುವುದು ನನಗೆ ಬಂದದ್ದು ಆ ಮನೆಯಿಂದ. ಈಗಲೂ ದೇವರ ಮನೆಗೆ ಹೋದರೆ ಮೊದಲು ಲೈಟು ಹಾಕುವುದಿಲ್ಲ. ಕತ್ತಲಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ. ನಮ್ಮ ಯಜಮಾನರು ನಗುತ್ತಾರೆ, ನಗಲಿ.

ಕಪ್ಪು ಕಲೆ ಚಿಕ್ಕವ್ವನ ಕೈಯಿಂದ ಚರ್ಮ ಸವೆದ ಹಾಗೆ ಸವೆದುಹೋಯಿತು. ಆದರೆ ಅವಳು ಆಮೇಲೆ ಎಂದೂ ಯಾರ ಕ್ಯಾಮೆರಾದ ಮುಂದೆಯೂ ನಿಲ್ಲಲಿಲ್ಲ. ತಾತ ಕರೆದರೂ ಇಲ್ಲ, ನನ್ನ ಮದುವೆಯಲ್ಲಿ ಎಲ್ಲರೂ ಸಾಲಾಗಿ ನಿಂತಾಗಲೂ ಇಲ್ಲ. ಅಡುಗೆಯವರ ಹಿಂದೆ ಬಚ್ಚಿಟ್ಟುಕೊಂಡಿದ್ದವಳನ್ನು ನಾನೇ ಹೋಗಿ ಎಳೆದೆ.

“ಬ್ಯಾಡ ಬಂಗಾರು. ನನ್ನ ಕೈ ಆಗ್ಲೇ ಅಲ್ಲಿಗೆ ಹೋಗೈತೆ. ಮುಖಾನೂ ಕೊಟ್ರೆ ಇಲ್ಲಿ ಉಳಿಯೋದೇನು?”

ಓಟಿನ ಚೀಟಿಗೆ ಎಲ್ಲರ ಫೋಟೋ ಹಿಡಿಯುವ ಕಾಲ ಬರುವ ಮುಂಚೆಯೇ ಅವಳು ಹೋದಳು. ಅವಳ ಒಂದು ಚಿತ್ರವೂ ಎಲ್ಲಿಯೂ ಇಲ್ಲ. ಹಿರಿಯರ ಹಬ್ಬದಲ್ಲಿ ಅವಳ ಎಡೆಯನ್ನು ಒಂದು ಹಸಿರು ಸೀರೆಯ ಮುಂದೆ ಇಡುತ್ತಾ ಬಂದಿದ್ದೇವೆ. ಅವಳ ಮುಖ ಹೇಗಿತ್ತು ಎಂದು ನಾಗರಾಜನ ಮಕ್ಕಳು ಕೇಳಿದರೆ ನಾನು ಹೇಳುತ್ತೇನೆ, ಹೇಳುವಾಗಲೇ ನನಗೆ ಅಲ್ಲೊಂದು ಇಲ್ಲೊಂದು ಮಾಸಿದ ಹಾಗೆ ಆಗುತ್ತದೆ. ಸೊಟ್ಟ ಕಿರುಬೆರಳು ಮಾತ್ರ ಮಾಸಿಲ್ಲ.

ಸಂಜೆಯಾಗುವುದರೊಳಗೆ ನಾನೇ ನಾಗರಾಜನಿಗೆ ಫೋನು ಮಾಡಿದೆ.

“ಕೆರೆಗೆ ಬಿಡಬ್ಯಾಡ ಕಣೋ. ಸುಣ್ಣ ಒಣಗಿದ ಮೇಲೆ ಅದೇ ಮೊಳೆಗೆ ಹಾಕು.”

“ಏನೂ ಇಲ್ವಲ್ಲಕ್ಕ ಅದ್ರಲ್ಲಿ.”

“ಬಲಗಡೆ ಬೆರಳು ನೋಡು. ಕಿರುಬೆರಳು ಹೆಂಗೈತೆ?”

ಅವನು ಫೋನು ಹಿಡಿದುಕೊಂಡೇ ನಡುಮನೆಗೆ ನಡೆದದ್ದು ಕೇಳಿಸಿತು. ಚೌಕಟ್ಟು ಎತ್ತಿದ ಸದ್ದು ಬಂತು.

“ಸೊಟ್ಟಗೈತೆ,” ಎಂದ. ಅವನ ದನಿ ಬೇರೆಯಾಗಿತ್ತು. “ನಮ್ಮವ್ವಂದು.”

“ಇನ್ನೊಂದು ನಮ್ಮವ್ವಂದು. ಹೋದ ಸಲ ಸೀರೆ ಮುಂದೆ ಎಡೆ ಇಟ್ಟೆಯಲ್ಲ, ಈ ಸಲ ಬ್ಯಾಡ. ಈ ಫೋಟೋ ಮುಂದೇನೇ ಎರಡು ಎಲೆ ಹಾಕು.”

“ಹಾಕ್ತೀನಿ.” ಫೋನಿಡುವವನು ಇಡಲಿಲ್ಲ. “ಅಕ್ಕಯ್ಯಾ, ಮುಂಚೆ ಈ ಬೆರಳು ದೂರ ದೂರ ಇದ್ವು ಅಲ್ವಾ, ಆ ಭುಜಕ್ಕೊಂದು ಈ ಭುಜಕ್ಕೊಂದು? ಈಗ ಹತ್ತತ್ರ ಬಂದಂಗೆ ಕಾಣ್ತವೆ.”

“ನಡುವೆ ಇದ್ದೋಳು ಜರುಗಿದ್ಲಲ್ಲ, ಅದಕ್ಕೆ ಹಂಗೆ ಕಾಣೋದು,” ಎಂದೆ.

ಫೋನು ಕಿಟಕಿಯ ಮೇಲಿಟ್ಟು ನಡುಮನೆಗೆ ಬಂದೆ. ಹೊತ್ತು ಇಳಿದಿತ್ತು, ಲೈಟು ಹಾಕಿರಲಿಲ್ಲ. ಪಂಚೆಯ ಮೇಲಿನ ಅಕ್ಕಿ ಆ ಮಬ್ಬಿನಲ್ಲಿ ಹಾಳೆ ಹಾಸಿದ ಹಾಗೆ ಬೆಳ್ಳಗಿತ್ತು. ಅಂಗೈ ಊರಿ ಎತ್ತಿ ನೋಡಿದೆ, ನಾಲ್ಕೈದು ಕಾಳು ಅಂಟಿ ಬಂದವು, ಉಳಿದವು ಉದುರಿದವು. ಹದ ಬಂದಿತ್ತು. ಮಿಲ್ಲು ಮುಚ್ಚುವುದರೊಳಗೆ ಬೀಸಿಸಿಕೊಂಡು ಬರಬೇಕೆಂದು ಪಂಚೆಯ ನಾಲ್ಕು ತುದಿ ಎತ್ತಿ ಅಕ್ಕಿಯನ್ನು ಡಬ್ಬಿಗೆ ಸುರಿದೆ.